ಹೋಟೆಲ್ ಮತ್ತು ವಸತಿಗೃಹಗಳಲ್ಲಿ ಸ್ವಯಂಸೇವಾ ಯಂತ್ರಗಳು: ಉಪಯೋಗಗಳು, ಬಳಕೆಯ ಕ್ರಮ ಹಾಗೂ ಗ್ರಾಹಕರ ಹಕ್ಕುಗಳು

1. ಪೀಠಿಕೆ

ಕನ್ನಡದಲ್ಲಿ 'ಹೋಟೆಲ್' ಎಂಬ ಪದವು ಊಟ ಉಪಾಹಾರ ದೊರೆಯುವ ಸ್ಥಳಕ್ಕೂ ತಂಗಲು ಕೊಠಡಿ ದೊರೆಯುವ ಸ್ಥಳಕ್ಕೂ ಸಮಾನವಾಗಿ ಬಳಕೆಯಲ್ಲಿದೆ. ಈ ಎರಡೂ ಬಗೆಯ ಸ್ಥಳಗಳಲ್ಲಿ ಸಿಬ್ಬಂದಿಯ ಬದಲಿಗೆ, ಅಥವಾ ಸಿಬ್ಬಂದಿಯ ಜೊತೆಗೆ, ಸ್ವಯಂಸೇವಾ ಯಂತ್ರಗಳನ್ನು ಅಳವಡಿಸುವ ಪದ್ಧತಿಯು ಹೆಚ್ಚುತ್ತಿದೆ. ಕಿಯೋಸ್ಕ್ ಎಂದು ಕರೆಯಲಾಗುವ ಈ ಯಂತ್ರಗಳಿಂದ ಗ್ರಾಹಕರಿಗೆ ದೊರೆಯುವ ಅನುಕೂಲಗಳು, ಅವುಗಳನ್ನು ಬಳಸುವ ಕ್ರಮ, ವಹಿಸಬೇಕಾದ ಎಚ್ಚರಿಕೆ ಹಾಗೂ ತೊಂದರೆಯಾದಲ್ಲಿ ದೊರೆಯುವ ಪರಿಹಾರಗಳ ಬಗ್ಗೆ ಸಾರ್ವಜನಿಕರ ಮಾಹಿತಿಗಾಗಿ ಈ ವಿವರಗಳನ್ನು ಒದಗಿಸಲಾಗಿದೆ.

ಒಂದು ವಿಷಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಸೂಕ್ತ. ಯಂತ್ರವು ಕೌಂಟರಿನ ಸ್ಥಾನವನ್ನು ಪಡೆಯಬಹುದೇ ಹೊರತು ಹೋಟೆಲ್ ನಡೆಸುವವರ ಹೊಣೆಯನ್ನಲ್ಲ. ಸರಿಯಾದ ಬೆಲೆ ತಿಳಿಸುವುದು, ಬಿಲ್ಲು ನೀಡುವುದು, ಅತಿಥಿಯ ಮಾಹಿತಿಯನ್ನು ಕಾಪಾಡುವುದು, ದೂರನ್ನು ಆಲಿಸುವುದು ಈ ಎಲ್ಲ ಕರ್ತವ್ಯಗಳೂ ಯಂತ್ರವಿದ್ದಾಗಲೂ ಮೊದಲಿನಂತೆಯೇ ಇರುತ್ತವೆ.

2. ಸ್ವಯಂಸೇವಾ ಯಂತ್ರ ಎಂದರೇನು?

ಸ್ಪರ್ಶಪರದೆಯುಳ್ಳ ಗಣಕಯಂತ್ರವೊಂದನ್ನು ಕಂಬದ ಅಥವಾ ಮೇಜಿನ ರೂಪದ ಪೆಟ್ಟಿಗೆಯಲ್ಲಿ ಅಳವಡಿಸಿ, ಅದನ್ನು ಹೋಟೆಲಿನ ಕಾಯ್ದಿರಿಸುವಿಕೆ ಹಾಗೂ ಲೆಕ್ಕಪತ್ರದ ತಂತ್ರಾಂಶಕ್ಕೆ ಜೋಡಿಸಲಾಗಿರುತ್ತದೆ. ವಸತಿಗೃಹಗಳಲ್ಲಿ ಬಳಸುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಈ ಕೆಳಕಂಡ ಭಾಗಗಳು ಇರುತ್ತವೆ:

ಅ) ಭಾಷೆ ಹಾಗೂ ಸೇವೆಯನ್ನು ಆಯ್ದುಕೊಳ್ಳುವ ಪರದೆ.
ಆ) ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟನ್ನು ಓದುವ ಸ್ಕ್ಯಾನರ್ ಮತ್ತು ಕ್ಯಾಮೆರಾ.
ಇ) ಕಾರ್ಡ್ ಅಥವಾ ಯುಪಿಐ ಮೂಲಕ ಹಣ ಸ್ವೀಕರಿಸುವ ಸಾಧನ.
ಈ) ಕೊಠಡಿಯ ಬಾಗಿಲು ತೆರೆಯುವ ಕಾರ್ಡನ್ನು ಸಿದ್ಧಪಡಿಸಿ ಹೊರನೀಡುವ ಸಾಧನ.
ಉ) ರಸೀದಿ ಮುದ್ರಕ.

ಬಾಗಿಲಿನ ಕಾರ್ಡಿನಲ್ಲಿ ಅತಿಥಿಗೆ ಹಂಚಿಕೆಯಾದ ಕೊಠಡಿ ಮತ್ತು ಅವಧಿಗೆ ಸಂಬಂಧಿಸಿದ ಸಂಕೇತವನ್ನು ಬರೆಯಲಾಗುತ್ತದೆ. ಅವಧಿ ಮುಗಿದ ನಂತರ ಅದೇ ಕಾರ್ಡಿನಿಂದ ಬಾಗಿಲು ತೆರೆಯುವುದಿಲ್ಲ. ಕಾರ್ಡಿನ ಮೇಲೆ ಕೊಠಡಿಯ ಸಂಖ್ಯೆಯನ್ನು ಮುದ್ರಿಸದಿರುವುದು ಸುರಕ್ಷತೆಯ ದೃಷ್ಟಿಯಿಂದಲೇ ಆಗಿದೆ. ಇಂತಹ ಬೀಗಗಳು ಸಾಮಾನ್ಯವಾಗಿ ಬ್ಯಾಟರಿಯಿಂದ ಕೆಲಸ ಮಾಡುವುದರಿಂದ ವಿದ್ಯುತ್ ಕಡಿತವಾದಾಗಲೂ ಅತಿಥಿಗಳು ಗಾಬರಿಯಾಗಬೇಕಾಗಿಲ್ಲ.

ಉಪಾಹಾರಗೃಹಗಳಲ್ಲಿ ಅಳವಡಿಸುವ ಯಂತ್ರಗಳು ಇದಕ್ಕಿಂತ ಸರಳವಾಗಿರುತ್ತವೆ. ತಿನಿಸುಗಳ ಪಟ್ಟಿ, ಹಣ ಪಾವತಿ ಮತ್ತು ಟೋಕನ್ ಮುದ್ರಣ ಅವುಗಳ ಮುಖ್ಯ ಕಾರ್ಯಗಳಾಗಿವೆ.

3. ಬೆಳೆದು ಬಂದ ಬಗೆ

ಮನುಷ್ಯನ ಬದಲಿಗೆ ಯಂತ್ರದ ಮುಂದೆ ನಿಂತು ಸೇವೆ ಪಡೆಯುವ ಅಭ್ಯಾಸವನ್ನು ಜಗತ್ತಿಗೆ ಕಲಿಸಿದ್ದು ಬ್ಯಾಂಕುಗಳ ಎಟಿಎಂ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ನೀಡುವ ಯಂತ್ರವನ್ನು ಅಳವಡಿಸಿತು. ಭಾರತದಲ್ಲಿ 1987ರಲ್ಲಿ ಮುಂಬಯಿಯಲ್ಲಿ ಮೊದಲ ಎಟಿಎಂ ಕಾರ್ಯಾರಂಭ ಮಾಡಿತು. ಅನಂತರ ವಿಮಾನ ನಿಲ್ದಾಣ ಮತ್ತು ರೈಲು ನಿಲ್ದಾಣಗಳಿಗೆ ಈ ಪದ್ಧತಿಯು ವಿಸ್ತರಿಸಿತು.

ವಸತಿಗೃಹಗಳ ಪೈಕಿ ಫ್ರಾನ್ಸ್ ದೇಶದ ಫಾರ್ಮುಲ್ 1 ಎಂಬ ಅಗ್ಗದ ದರದ ಹೋಟೆಲ್ ಸಮೂಹವು 1980ರ ದಶಕದಲ್ಲಿಯೇ, ಸ್ವಾಗತ ಕೌಂಟರ್ ಮುಚ್ಚಿರುವ ವೇಳೆಯಲ್ಲಿ ಕಾರ್ಡ್ ಮೂಲಕ ಹಣ ಪಡೆದು ಕೊಠಡಿ ನೀಡುವ ಯಂತ್ರಗಳನ್ನು ಬಳಸಿತು. 2004ರಲ್ಲಿ ಹಿಲ್ಟನ್ ಸಂಸ್ಥೆಯು ನ್ಯೂಯಾರ್ಕ್ ಮತ್ತು ಶಿಕಾಗೊ ನಗರಗಳ ತನ್ನ ಹೋಟೆಲುಗಳಲ್ಲಿ ಪ್ರಾಯೋಗಿಕವಾಗಿ ಇವುಗಳನ್ನು ಅಳವಡಿಸಿತು. 2020ರಲ್ಲಿ ಹರಡಿದ ಕೋವಿಡ್ ಸಾಂಕ್ರಾಮಿಕವು ಪರಸ್ಪರ ಸಂಪರ್ಕವಿಲ್ಲದ ಸೇವೆಯ ಬೇಡಿಕೆಯನ್ನು ಹೆಚ್ಚಿಸಿತು.

ಈ ವಿಷಯದಲ್ಲಿ ಜಪಾನ್ ದೇಶದ ಅನುಭವವು ಗಮನಾರ್ಹವಾಗಿದೆ. 2015ರ ಜುಲೈ 17ರಂದು ನಾಗಸಾಕಿ ಪ್ರಾಂತ್ಯದಲ್ಲಿ ಆರಂಭವಾದ ಹೆನ್ ನಾ ಹೋಟೆಲಿನಲ್ಲಿ ಅತಿಥಿಗಳನ್ನು ಸ್ವಾಗತಿಸಲು ಡೈನೋಸಾರ್ ಆಕಾರದ ರೋಬೋಟುಗಳನ್ನು ನಿಲ್ಲಿಸಲಾಗಿತ್ತು. ಆದರೆ ವಿದೇಶಿ ಅತಿಥಿಗಳ ಪಾಸ್‌ಪೋರ್ಟಿನ ನಕಲು ತೆಗೆದುಕೊಳ್ಳಲು ಸಿಬ್ಬಂದಿಯೇ ಬರಬೇಕಾಗುತ್ತಿತ್ತು. ಕೊಠಡಿಯಲ್ಲಿದ್ದ ಪುಟ್ಟ ರೋಬೋಟು ಮಲಗಿದ್ದವರ ಗೊರಕೆಯನ್ನು ಆದೇಶವೆಂದು ಭಾವಿಸಿ ಅವರನ್ನು ಎಬ್ಬಿಸಿದ ಪ್ರಸಂಗವೂ ವರದಿಯಾಯಿತು. 2019ರ ಜನವರಿಯ ವೇಳೆಗೆ 243 ರೋಬೋಟುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳನ್ನು ಹಿಂತೆಗೆದುಕೊಳ್ಳಲಾಗಿತ್ತು. ಯಂತ್ರವು ಯಾವ ಕೆಲಸಕ್ಕೆ ತಕ್ಕುದೋ ಆ ಕೆಲಸಕ್ಕೆ ಮಾತ್ರ ಅದನ್ನು ಬಳಸಬೇಕೆಂಬುದು ಇದರಿಂದ ತಿಳಿದುಬರುತ್ತದೆ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಸ್ವಯಂಸೇವೆಯು ನಮ್ಮ ಜನರಿಗೆ ಹೊಸತಲ್ಲ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾದಂದಿನಿಂದ, ಹಣ ಕೊಟ್ಟು ಟೋಕನ್ ಪಡೆದು, ತಾನೇ ತಟ್ಟೆ ತೆಗೆದುಕೊಂಡು ನಿಂತು ತಿನ್ನುವ ಪದ್ಧತಿಯು ನಾಡಿನಾದ್ಯಂತ ರೂಢಿಯಾಗಿದೆ. ಅಂದು ಟೋಕನ್ ಕೊಡುತ್ತಿದ್ದ ಕೈಯ ಜಾಗದಲ್ಲಿ ಇಂದು ಕೆಲವೆಡೆ ಪರದೆ ಬಂದಿದೆ.

4. ಪ್ರಮುಖ ಉಪಯೋಗಗಳು

ಅ) ಆಗಮನ: ಮುಂಗಡವಾಗಿ ಕಾಯ್ದಿರಿಸಿದವರು ಸಾಲಿನಲ್ಲಿ ನಿಲ್ಲದೆ ಕೊಠಡಿಯ ಕಾರ್ಡನ್ನು ಪಡೆಯಬಹುದು. ರಾತ್ರಿ ತಡವಾಗಿ ಬಸ್ಸು, ರೈಲು ಅಥವಾ ವಿಮಾನದಿಂದ ಬಂದಿಳಿಯುವವರಿಗೆ ಇದು ವಿಶೇಷವಾಗಿ ಉಪಯುಕ್ತ.
ಆ) ನಿರ್ಗಮನ: ಬಾಕಿ ಮೊತ್ತವನ್ನು ಪರಿಶೀಲಿಸಿ, ಪಾವತಿಸಿ, ಕಾರ್ಡನ್ನು ಹಿಂದಿರುಗಿಸಿ ಬೆಳಗಿನ ಜಾವದಲ್ಲಿಯೂ ಹೊರಡಬಹುದು.
ಇ) ಭಾಷೆ: ಯಂತ್ರದಲ್ಲಿ ಕನ್ನಡದ ಆಯ್ಕೆಯಿದ್ದಲ್ಲಿ, ಹೊರರಾಜ್ಯದ ಸಿಬ್ಬಂದಿಯಿರುವ ಹೋಟೆಲಿನಲ್ಲಿಯೂ ಗ್ರಾಹಕರು ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದು.
ಈ) ಊಟ ಉಪಾಹಾರದ ಆದೇಶ: ತಿನಿಸಿನ ಬೆಲೆಯನ್ನು ನಿಧಾನವಾಗಿ ಓದಿ, ಈರುಳ್ಳಿ ಬೆಳ್ಳುಳ್ಳಿ ಬೇಡ ಎಂಬಂತಹ ಸೂಚನೆಗಳನ್ನು ನೀಡಿ, ಆದೇಶವನ್ನು ದೃಢಪಡಿಸುವ ಮುನ್ನ ಒಟ್ಟು ಮೊತ್ತವನ್ನು ನೋಡಬಹುದು.
ಉ) ಮಾಹಿತಿ: ಉಪಾಹಾರದ ವೇಳೆ, ಹೊರಡುವ ಗಡುವು, ಸುತ್ತಲಿನ ಪ್ರವಾಸಿ ಸ್ಥಳಗಳು, ವಾಹನ ಸೌಕರ್ಯ ಮೊದಲಾದ ವಿವರಗಳು ದೊರೆಯುತ್ತವೆ.
ಊ) ಸಿಬ್ಬಂದಿಗೆ ಬಿಡುವು: ನೋಂದಣಿಯ ಬರವಣಿಗೆ ಕಡಿಮೆಯಾಗುವುದರಿಂದ ನೆರವು ಬೇಕಾದ ಅತಿಥಿಗಳ ಕಡೆ ಸಿಬ್ಬಂದಿಯು ಗಮನ ಹರಿಸಬಹುದು. ಯಂತ್ರದ ನಿಜವಾದ ಪ್ರಯೋಜನ ಇರುವುದು ಇಲ್ಲಿಯೇ. ಯಂತ್ರ ಬಂದ ಮೇಲೆ ಸಹಾಯಕ್ಕೆ ಯಾರೂ ಇಲ್ಲದಂತಾದರೆ ಆ ಪ್ರಯೋಜನವು ಅತಿಥಿಗೆ ತಲುಪಿದಂತಾಗುವುದಿಲ್ಲ.

5. ಯಂತ್ರವನ್ನು ಬಳಸುವ ಕ್ರಮ

ಜೊತೆಯಲ್ಲಿ ಇರಬೇಕಾದವು: ಕಾಯ್ದಿರಿಸಿದ ಸಂಖ್ಯೆ, ಕಾಯ್ದಿರಿಸುವಾಗ ನೀಡಿದ ಮೊಬೈಲ್ ಸಂಖ್ಯೆಯುಳ್ಳ ದೂರವಾಣಿ, ಭಾವಚಿತ್ರ ಮತ್ತು ವಿಳಾಸವುಳ್ಳ ಗುರುತಿನ ದಾಖಲೆ. ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ, ಪಾಸ್‌ಪೋರ್ಟ್ ಅಥವಾ ಆಧಾರ್‌ಗಳ ಪೈಕಿ ಯಾವುದಾದರೂ ಒಂದನ್ನು ಸಾಮಾನ್ಯವಾಗಿ ಸ್ವೀಕರಿಸಲಾಗುತ್ತದೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದಿರುವುದರಿಂದ ಅದನ್ನು ಬಹುತೇಕ ವಸತಿಗೃಹಗಳು ಒಪ್ಪುವುದಿಲ್ಲ. ಡಿಜಿಲಾಕರ್ ಮೂಲಕ ಪಡೆದ ದಾಖಲೆಗಳು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿನ ನಿಯಮಗಳ ಪ್ರಕಾರ ಮೂಲ ದಾಖಲೆಗಳಿಗೆ ಸಮಾನವಾಗಿವೆ.

ಹಂತಗಳು:

1) ಪರದೆಯನ್ನು ಮುಟ್ಟಿ ಭಾಷೆಯನ್ನು ಆಯ್ದುಕೊಳ್ಳಿ.
2) ಕಾಯ್ದಿರಿಸಿದ ಸಂಖ್ಯೆ ಅಥವಾ ಮೊಬೈಲ್ ಸಂಖ್ಯೆಯನ್ನು ನಮೂದಿಸಿ. ಪರದೆಯಲ್ಲಿ ಮೂಡುವ ಹೆಸರು, ದಿನಾಂಕ, ಕೊಠಡಿಯ ದರ್ಜೆ ನಿಮ್ಮದೇ ಎಂಬುದನ್ನು ಖಚಿತಪಡಿಸಿಕೊಳ್ಳಿ.
3) ಗುರುತಿನ ದಾಖಲೆಯನ್ನು ಸ್ಕ್ಯಾನರಿನ ಮೇಲೆ ಇರಿಸಿ. ಕೆಲಸ ಮುಗಿದ ಕೂಡಲೇ ಹಿಂತೆಗೆದುಕೊಳ್ಳಿ.
4) ಒಟ್ಟು ಮೊತ್ತವನ್ನು ಓದಿದ ನಂತರವೇ ಹಣ ಪಾವತಿಸಿ.
5) ಬಾಗಿಲಿನ ಕಾರ್ಡ್ ಹಾಗೂ ರಸೀದಿ ಎರಡನ್ನೂ ತೆಗೆದುಕೊಳ್ಳಿ. ಕೊಠಡಿ ಸಂಖ್ಯೆಯುಳ್ಳ ಚೀಟಿಯನ್ನು ಯಂತ್ರದ ಬಳಿಯೇ ಬಿಡಬೇಡಿ.
6) 'ಮುಕ್ತಾಯ' ಎಂಬ ಗುಂಡಿಯನ್ನು ಒತ್ತಿ, ಪರದೆಯು ಮೊದಲ ಪುಟಕ್ಕೆ ಹಿಂದಿರುಗಿದ ಮೇಲೆ ಅಲ್ಲಿಂದ ತೆರಳಿ.

ಇಂತಹ ರಸೀದಿಗಳನ್ನು ಹೆಚ್ಚಾಗಿ ಶಾಖಮುದ್ರಣದ ಕಾಗದದ ಮೇಲೆ ಮುದ್ರಿಸಲಾಗುವುದರಿಂದ ಕೆಲವು ತಿಂಗಳುಗಳಲ್ಲಿ ಅಕ್ಷರಗಳು ಮಾಸಿಹೋಗುತ್ತವೆ. ಪ್ರಯಾಣ ಭತ್ಯೆ ಪಡೆಯುವವರು ಹಾಗೂ ದೂರು ಸಲ್ಲಿಸಬಯಸುವವರು ಅದೇ ದಿನ ರಸೀದಿಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು.

ವಿದೇಶಿ ಪ್ರಜೆಗಳ ವಿಷಯದಲ್ಲಿ: 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025ರ ಅನ್ವಯ, ತಮ್ಮಲ್ಲಿ ತಂಗುವ ವಿದೇಶಿಯರ ವಿವರವನ್ನು ವಸತಿಗೃಹದವರು 24 ಗಂಟೆಗಳೊಳಗಾಗಿ ನೋಂದಣಾಧಿಕಾರಿಗೆ ಸಲ್ಲಿಸಬೇಕಾಗಿರುತ್ತದೆ. ಆದುದರಿಂದ ಬೇರೆ ದೇಶದ ಪೌರತ್ವ ಪಡೆದು ತಾಯ್ನಾಡಿಗೆ ಬರುವ ಕನ್ನಡಿಗರು ಮೂಲ ಪಾಸ್‌ಪೋರ್ಟನ್ನು ತಪ್ಪದೆ ಜೊತೆಯಲ್ಲಿ ತರುವುದು.

6. ವೈಯಕ್ತಿಕ ಮಾಹಿತಿಯ ರಕ್ಷಣೆ

ಅತಿಥಿಯ ಹೆಸರು, ವಿಳಾಸ, ಭಾವಚಿತ್ರ, ಯಾವ ರಾತ್ರಿ ಯಾವ ಕೊಠಡಿಯಲ್ಲಿ ಇದ್ದರು ಎಂಬ ಎಲ್ಲ ವಿವರಗಳೂ ಯಂತ್ರದ ಮೂಲಕ ಹಾದುಹೋಗುತ್ತವೆ. ಒಬ್ಬಂಟಿಯಾಗಿ ಪ್ರಯಾಣಿಸುವ ಮಹಿಳೆಯರ ಸುರಕ್ಷತೆಯು ಈ ಮಾಹಿತಿಯ ಗೋಪ್ಯತೆಯನ್ನೇ ಅವಲಂಬಿಸಿದೆ. ಇದು ಕೇವಲ ಊಹೆಯ ಮಾತಲ್ಲ. ಜರ್ಮನಿಯ ಹ್ಯಾಂಬರ್ಗ್ ನಗರದ ಐಬಿಸ್ ಬಜೆಟ್ ಹೋಟೆಲೊಂದರ ಸ್ವಯಂಸೇವಾ ಯಂತ್ರದಲ್ಲಿ, ಕಾಯ್ದಿರಿಸಿದ ಸಂಖ್ಯೆಯ ಬದಲಿಗೆ ಕೇವಲ ಅಡ್ಡಗೆರೆಗಳನ್ನು ಒತ್ತಿದರೂ ಇತರ ಅತಿಥಿಗಳ ಕೊಠಡಿ ಸಂಖ್ಯೆ ಮತ್ತು ಬಾಗಿಲು ತೆರೆಯುವ ಸಂಕೇತಗಳು ಪರದೆಯ ಮೇಲೆ ಮೂಡುತ್ತಿದ್ದವು. 2023ರ ಡಿಸೆಂಬರ್ ಅಂತ್ಯದಲ್ಲಿ ಭದ್ರತಾ ತಜ್ಞರು ಇದನ್ನು ಗುರುತಿಸಿ ಸಂಸ್ಥೆಗೆ ತಿಳಿಸಿದ ನಂತರ ದೋಷವನ್ನು ಸರಿಪಡಿಸಲಾಯಿತು. 2024ರ ಏಪ್ರಿಲ್‌ನಲ್ಲಿ ವಿಷಯವು ಬಹಿರಂಗವಾಯಿತು.

ಈ ಸಂಬಂಧ ನಾಗರಿಕರು ತಿಳಿದಿರಬೇಕಾದ ಕಾನೂನಿನ ಅಂಶಗಳು ಹೀಗಿವೆ:

ಅ) ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು.

ಆ) 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ, ಖಾಸಗಿ ಸಂಸ್ಥೆಗಳು ಒಪ್ಪಂದದ ಮೇಲೆ ಆಧಾರ್ ದೃಢೀಕರಣವನ್ನು ಕೇಳಲು ಅವಕಾಶ ನೀಡಿದ್ದ 57ನೆಯ ಕಲಮಿನ ಭಾಗವನ್ನು ರದ್ದುಪಡಿಸಲಾಯಿತು. ತರುವಾಯ 2019ರ ತಿದ್ದುಪಡಿ ಹಾಗೂ 2025ರ ನಿಯಮಗಳ ಮೂಲಕ, ಅನುಮತಿ ಪಡೆದ ಸಂಸ್ಥೆಗಳು ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆಯಿಂದ ದೃಢೀಕರಣ ನಡೆಸಲು ಅವಕಾಶವಾಗಿದೆ. ಆಧಾರ್ ನೀಡಲು ಇಚ್ಛಿಸದವರು ಬೇರೊಂದು ಗುರುತಿನ ದಾಖಲೆಯನ್ನು ತೋರಿಸಬಹುದು. ಆಧಾರ್ ನೀಡುವವರು ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಂಡು ಬಳಸುವುದು ಉತ್ತಮ.

ಇ) ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ನಿಗದಿಪಡಿಸಲಾಗಿದೆ. ಮಾಹಿತಿಯನ್ನು ಯಾವ ಉದ್ದೇಶಕ್ಕಾಗಿ ಪಡೆಯಲಾಗುತ್ತಿದೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಈ ಕಾಯ್ದೆಯು ವ್ಯಕ್ತಿಗೆ ನೀಡುತ್ತದೆ. ಕನ್ನಡವು ಆ ಅನುಸೂಚಿಯಲ್ಲಿರುವ ಭಾಷೆಯಾಗಿದೆ. ನೀಡಿದ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕನ್ನೂ ಕಾಯ್ದೆಯಲ್ಲಿ ಕಲ್ಪಿಸಲಾಗಿದೆ.

7. ಬೆಲೆ, ತೆರಿಗೆ ಮತ್ತು ಬಿಲ್ಲು

ಅ) 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ, ದಿನಕ್ಕೆ 7,500 ರೂಪಾಯಿಗಳವರೆಗಿನ ಕೊಠಡಿಗೆ ಶೇ. 5ರಷ್ಟು, ಅದಕ್ಕಿಂತ ಹೆಚ್ಚಿನ ದರದ ಕೊಠಡಿಗೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ವಿಧಿಸಲಾಗುತ್ತದೆ. ಯಂತ್ರವು ತೋರಿಸುವ ತೆರಿಗೆಯನ್ನು ಇದರೊಂದಿಗೆ ಹೋಲಿಸಿ ನೋಡಬಹುದು.

ಆ) ಸೇವಾ ಶುಲ್ಕವು ತೆರಿಗೆಯಲ್ಲ. ಯಾವುದೇ ಹೋಟೆಲ್ ಅಥವಾ ಉಪಾಹಾರಗೃಹವು ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಇ) ಬೇಡದ ಉಪಾಹಾರ, ವಿಮೆ ಅಥವಾ ದೇಣಿಗೆಯ ಚೌಕದಲ್ಲಿ ಮೊದಲೇ ಗುರುತು ಹಾಕಿ, ಗ್ರಾಹಕರ ಗಮನಕ್ಕೆ ಬಾರದಂತೆ ಮೊತ್ತ ಸೇರಿಸುವ ತಂತ್ರಗಳಿವೆ. ಆನ್‌ಲೈನ್ ವೇದಿಕೆಗಳಲ್ಲಿನ ಇಂತಹ 13 ಬಗೆಯ ದಾರಿತಪ್ಪಿಸುವ ವಿನ್ಯಾಸಗಳನ್ನು 2023ರ ನವೆಂಬರ್ 30ರಂದು ಅಧಿಸೂಚಿಸಲಾದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಯಂತ್ರದ ಪರದೆಯಲ್ಲಿಯೂ ಅಂತಹ ಗುರುತು ಕಂಡಲ್ಲಿ ಅದನ್ನು ತೆಗೆದುಹಾಕಿ ಮುಂದುವರಿಯಿರಿ.

ಈ) ಬಿಲ್ಲು ನೀಡದಿರುವುದು ಹಾಗೂ ಗ್ರಾಹಕರು ನಂಬಿ ನೀಡಿದ ವೈಯಕ್ತಿಕ ಮಾಹಿತಿಯನ್ನು ಕಾನೂನುಬಾಹಿರವಾಗಿ ಇತರರಿಗೆ ಬಹಿರಂಗಪಡಿಸುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳಾಗಿವೆ. ರಸೀದಿ ಮುದ್ರಕದಲ್ಲಿ ಕಾಗದ ಮುಗಿದಿದೆ ಎಂಬುದು ಬಿಲ್ಲು ನೀಡದಿರಲು ಕಾರಣವಾಗಲಾರದು.

8. ಹಣ ಪಾವತಿಯಲ್ಲಿ ಎಚ್ಚರಿಕೆ

ಖಾತೆಯಿಂದ ಹಣ ಕಡಿತವಾಗಿ, ಯಂತ್ರವು 'ವಿಫಲ' ಎಂದು ತೋರಿಸಿದಲ್ಲಿ, ಪರದೆಯ ಛಾಯಾಚಿತ್ರ ತೆಗೆದುಕೊಂಡು, ವ್ಯವಹಾರದ ಸಂಖ್ಯೆ ಮತ್ತು ಸಮಯವನ್ನು ಬರೆದಿಟ್ಟುಕೊಳ್ಳಿ. ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ವ್ಯಾಪಾರಿಗೆ ಯುಪಿಐ ಮೂಲಕ ಮಾಡಿದ ಇಂತಹ ಪಾವತಿಯು ವ್ಯವಹಾರದ ದಿನದಿಂದ ಐದು ದಿನಗಳೊಳಗೆ ತಾನಾಗಿ ಹಿಂದಿರುಗಬೇಕು. ತಡವಾದಲ್ಲಿ ದಿನಕ್ಕೆ 100 ರೂಪಾಯಿಗಳಂತೆ ಪರಿಹಾರ ನೀಡಬೇಕಾಗುತ್ತದೆ.

ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿದಾಗ ಮೂಡುವ ಹೆಸರು ಹೋಟೆಲಿನದೇ ಆಗಿದೆಯೇ ಎಂದು ನೋಡಿಕೊಳ್ಳಿ. ಯಂತ್ರದ ಮೇಲೆ ಪ್ರತ್ಯೇಕವಾಗಿ ಅಂಟಿಸಿದ ಚೀಟಿಗಿಂತ ಪರದೆಯಲ್ಲಿ ಮೂಡುವ ಸಂಕೇತವನ್ನೇ ಬಳಸುವುದು ಕ್ಷೇಮ. ಹಣ ಮರಳಿ ಪಡೆಯಲು ಪಿನ್ ನಮೂದಿಸುವ ಅಗತ್ಯ ಎಂದಿಗೂ ಇರುವುದಿಲ್ಲ. ಹಾಗೆ ಕೇಳಿದಲ್ಲಿ ಅದು ವಂಚನೆಯೆಂದು ತಿಳಿಯತಕ್ಕದ್ದು. ವಂಚನೆಯಾಗಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ.

9. ಹಿರಿಯ ನಾಗರಿಕರು, ವಿಕಲಚೇತನರು ಹಾಗೂ ಯಂತ್ರ ಬಳಸಲು ಬಾರದವರು

ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಪರದೆಯು ಎಟುಕದಿರಬಹುದು. ದೃಷ್ಟಿದೋಷವುಳ್ಳವರಿಗೆ ಧ್ವನಿಯ ನೆರವಿಲ್ಲದ ಸ್ಪರ್ಶಪರದೆಯು ಬರಿಯ ಗಾಜಿನಂತೆಯೇ ಸರಿ. ಕೈನಡುಕವುಳ್ಳ ವೃದ್ಧರು ಅಕ್ಷರ ಒತ್ತುವಷ್ಟರಲ್ಲಿ ಅವಧಿ ಮುಗಿದು ಪರದೆಯು ಮೊದಲಿಗೆ ಹಿಂದಿರುಗಬಹುದು. ದುಡಿದ ಕೈಗಳ ಬೆರಳಚ್ಚು ಸವೆದು ಯಂತ್ರವು ಗುರುತಿಸದಿರಬಹುದು. ಇವು ಬಳಸುವವರ ಕೊರತೆಗಳಲ್ಲ, ಯಂತ್ರದ ಕೊರತೆಗಳು.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದ್ದು, ಸರ್ಕಾರಿ ಮತ್ತು ಖಾಸಗಿ ಸೇವಾದಾರರಿಬ್ಬರೂ ತಮ್ಮ ಸೇವೆಗಳನ್ನು ಎಲ್ಲರಿಗೂ ಎಟುಕುವಂತೆ ಒದಗಿಸಬೇಕೆಂದು ವಿಧಿಸಲಾಗಿದೆ. ಪರದೆಯ ಮುಂದೆ ತೊಂದರೆಗೊಳಗಾದವರು ಸಂಕೋಚಪಡದೆ ಸಿಬ್ಬಂದಿಯ ನೆರವನ್ನು ಕೇಳಬೇಕು. ಸಾಲಿನಲ್ಲಿರುವ ಅಪರಿಚಿತರಿಗೆ ಕಾರ್ಡ್, ಪಿನ್ ಅಥವಾ ಮೊಬೈಲನ್ನು ಒಪ್ಪಿಸಬಾರದು.

10. ದೂರು ಸಲ್ಲಿಸುವ ವಿಧಾನ

ಅ) ಮೊದಲಿಗೆ ಹೋಟೆಲಿನ ವ್ಯವಸ್ಥಾಪಕರಿಗೆ ಲಿಖಿತವಾಗಿ ಅಥವಾ ಇ-ಮೇಲ್ ಮೂಲಕ ತಿಳಿಸಿ, ಪ್ರತಿಯನ್ನು ಇಟ್ಟುಕೊಳ್ಳಿ.
ಆ) ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ.
ಇ) ಅನಂತರವೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳವರೆಗಿದ್ದಲ್ಲಿ ಶುಲ್ಕವಿಲ್ಲ. ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ಹೋಟೆಲ್ ಬೇರೆ ಊರಿನಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ದಾಖಲಿಸಬಹುದು.
ಈ) ಬ್ಯಾಂಕಿಗೆ ಸಂಬಂಧಿಸಿದ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರನ್ನು ಸಂಪರ್ಕಿಸಬಹುದು. ಮಾಹಿತಿಗಾಗಿ ದೂರವಾಣಿ: 14448.

ಲಗತ್ತಿಸಬೇಕಾದ ದಾಖಲೆಗಳು: ಕಾಯ್ದಿರಿಸಿದ ಪತ್ರ, ಬಿಲ್ಲು ಅಥವಾ ರಸೀದಿ, ಹಣ ಪಾವತಿಯ ವಿವರ, ಯಂತ್ರದ ಪರದೆಯ ಛಾಯಾಚಿತ್ರ ಇದ್ದಲ್ಲಿ ಅದು, ಹೋಟೆಲಿಗೆ ಬರೆದ ಪತ್ರದ ಪ್ರತಿ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಂತ್ರವನ್ನು ಬಳಸಲೇಬೇಕೆ?
ಉತ್ತರ: ಅತಿಥಿಯು ಯಂತ್ರವನ್ನೇ ಬಳಸಬೇಕೆಂದು ಯಾವ ಕಾನೂನೂ ವಿಧಿಸಿಲ್ಲ. ಆದರೆ ಕೆಲವು ವಸತಿಗೃಹಗಳಲ್ಲಿ ರಾತ್ರಿ ವೇಳೆ ಸಿಬ್ಬಂದಿ ಇರುವುದಿಲ್ಲ. ಆದ್ದರಿಂದ ಕಾಯ್ದಿರಿಸುವ ಮುನ್ನವೇ ವಿಚಾರಿಸುವುದು ಸೂಕ್ತ.

ಪ್ರಶ್ನೆ: ನಗದು ಹಣ ಕೊಡಬಹುದೇ?
ಉತ್ತರ: ಬಹಳಷ್ಟು ಯಂತ್ರಗಳು ನಗದನ್ನು ಸ್ವೀಕರಿಸುವುದಿಲ್ಲ. ನಗದು ನೀಡಬಯಸುವವರು ಕೌಂಟರಿನಲ್ಲಿ ಅವಕಾಶವಿದೆಯೇ ಎಂದು ಮುಂಚಿತವಾಗಿ ತಿಳಿದುಕೊಳ್ಳಬೇಕು.

ಪ್ರಶ್ನೆ: ಯಂತ್ರವು ಬೇರೆಯವರ ಹೆಸರನ್ನು ತೋರಿಸಿದರೆ?
ಉತ್ತರ: ಮುಂದುವರಿಯದೆ 'ರದ್ದು' ಗುಂಡಿಯನ್ನು ಒತ್ತಿ, ಕೂಡಲೇ ಸಿಬ್ಬಂದಿಗೆ ತಿಳಿಸಬೇಕು. ಇದರಿಂದ ಇನ್ನೊಬ್ಬ ಅತಿಥಿಯ ಸುರಕ್ಷತೆಗೆ ನೆರವಾದಂತಾಗುತ್ತದೆ.

ಪ್ರಶ್ನೆ: ಬಾಗಿಲಿನ ಕಾರ್ಡ್ ಕಳೆದುಹೋದರೆ?
ಉತ್ತರ: ತಕ್ಷಣ ಸಿಬ್ಬಂದಿಗೆ ತಿಳಿಸಿ. ಗುರುತು ಪರಿಶೀಲಿಸಿ ಹೊಸ ಕಾರ್ಡ್ ನೀಡಲಾಗುತ್ತದೆ. ಕಳೆದ ಕಾರ್ಡಿನಿಂದ ಬಾಗಿಲು ತೆರೆಯದಂತೆ ಮಾಡಲಾಗಿದೆಯೇ ಎಂಬುದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಯಂತ್ರ ಕೆಟ್ಟಿರುವ ಕಾರಣ ಕೊಠಡಿ ದೊರೆಯದಿದ್ದರೆ?
ಉತ್ತರ: ಮುಂಗಡ ಹಣ ಪಡೆದು ಕೊಠಡಿ ನೀಡದಿರುವುದು ಸೇವಾ ನ್ಯೂನತೆಯಾಗುತ್ತದೆ. ಯಂತ್ರ ಕೆಟ್ಟಿದೆ ಎಂಬ ಕಾರಣವು ಹೋಟೆಲಿನ ಹೊಣೆಯನ್ನು ಕಡಿಮೆ ಮಾಡುವುದಿಲ್ಲ. ಕ್ರಮಾಂಕ 10ರಲ್ಲಿ ತಿಳಿಸಿರುವಂತೆ ದೂರು ಸಲ್ಲಿಸಬಹುದು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಹಾಗೂ ಯಂತ್ರದ ಬಳಕೆಯನ್ನು ಅರಿಯದ ಹಿರಿಯರಿಗೆ ಇದನ್ನು ಓದಿ ತಿಳಿಸಬೇಕೆಂದು ಕೋರಲಾಗಿದೆ.